ಸಂಜೆಯ ಬಸ್ಸಿನಿಂದ ಇಳಿಯುವವರು

ಕಾಕುವಿನ ಎಡಗಣ್ಣಿನ ರೆಪ್ಪೆ ಅರ್ಧಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ. ಬಲಗಣ್ಣು ಬಜಾರಿನಲ್ಲಿ ಚೌಕಾಶಿಗೆ ನಿಂತಿರುವಾಗಲೂ ಎಡಗಣ್ಣು ಮಧ್ಯಾಹ್ನದ ನಿದ್ದೆಯಿಂದ ಆಗಷ್ಟೇ ಎದ್ದಂತೆ ಕಾಣುತ್ತಿತ್ತು. ಬೇವಿನ ನೆರಳು ಉದ್ದವಾಗುವ ಹೊತ್ತಿಗೆ ಅವರು ಭಾಲ್ಕಿಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸೆರಗು ಹೊದ್ದು ಕೂತರೆ, ಗುರುತಿಲ್ಲದವರು, ಯಾರೋ ಮುದುಕಿ ಬಸ್ಸಿಗೆ ಕಾದು ಕಾದು ತೂಕಡಿಸುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಅವರು ಬಸ್ಸು ಹತ್ತಲು ಬಂದವರಲ್ಲ. ಇಳಿಯುವವರನ್ನು ನೋಡಲು ಬಂದವರು.

ಅವರ ಕೆಲಸ ಸಂಬಂಧ ಕೂಡಿಸುವುದು. ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಇದ್ದರು. ರಕ್ತಸಂಬಂಧ ಏನೂ ಇರಲಿಲ್ಲ; ಕನ್ನಡ ಮರಾಠಿ ಎರಡೂ ಆಡುವ ನಮ್ಮ ಓಣಿಯ ರೂಢಿಯಂತೆ ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ. ಬೀದರದಲ್ಲಿ, ಔರಾದದಲ್ಲಿ, ಗಡಿಯ ಮಗ್ಗುಲಿನ ಮೆಹಕರದಲ್ಲಿ ಯಾವ ಮನೆಯ ಮಗಳು ಬೆಳೆದು ನಿಂತಿದ್ದಾಳೆ, ಯಾರ ಮಗ ನೌಕರಿ ಹಿಡಿದಿದ್ದಾನೆ ಎಂಬುದು ಅವರಿಗೆ ಗೊತ್ತಿತ್ತು. ಸಂಬಂಧ ಅಂದರೆ ಮೊದಲ ಪ್ರಶ್ನೆ ನೌಕರಿಯದೇ. ಹಾಗಾಗಿ ರಾಜ್ಯದಲ್ಲಿ ಯಾವ ಕೆಲಸಕ್ಕೆ ಬೇಡಿಕೆ ಏರಿತು, ಯಾವುದಕ್ಕೆ ಇಳಿಯಿತು ಎಂಬ ಸುದ್ದಿ ಪೇಪರಿಗೆ ಬರುವ ಮುಂಚೆ ಕಾಕುವಿನ ಚಹಾದ ಕಪ್ಪಿಗೆ ಬರುತ್ತಿತ್ತು.

"ಮೊದಲ ಸಾಲಿ ಮಾಸ್ತರ ಸಂಬಂಧ ಅಂದ್ರ ಮಂದಿ ಸಕ್ರಿ ಚಹಾ ಕೊಡ್ತಿದ್ರು. ಆಮ್ಯಾಲ ಇಂಜಿನಿಯರ್ ಬಂದ, ಚಹಾದ ಜೋಡಿ ಚೂಡಾ ಬಂತು. ಈಗ ನೋಡು, ಗಂಡಿನವರೇ ಮನಿಗಿ ಬಂದು ಕೇಳ್ತಾರ, 'ಕಾಕು, ನರ್ಸ್ ಪೋರಿ ಇದ್ರ ಹೇಳ್ರಿ' ಅಂತ. ನಾನೇ ಅವರಿಗಿ ಚಹಾ ಕುಡಿಸಬೇಕಾಗ್ಯಾದ."

ನಿಲ್ದಾಣದ ಬೆಂಚು ಅವರಿಗೆ ಅಂಟಿಕೊಂಡದ್ದು ಒಂದು ತಪ್ಪಿನಿಂದ. ಎಲ್ಲರೂ ಇಂಜಿನಿಯರ್ ಅಳಿಯನನ್ನೇ ಬೇಡುತ್ತಿದ್ದ ಕಾಲದಲ್ಲಿ ಅವರು ಭಾತಂಬ್ರಾದ ಹುಡುಗಿಯೊಬ್ಬಳನ್ನು ನಮ್ಮೂರಿನ ಹುಡುಗನಿಗೆ ಕೊಡಿಸಿದ್ದರು. ಹುಡುಗ ಬೀದರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ದಿನಾ ಹೋಗಿ ಬರುತ್ತಿದ್ದ. ಮದುವೆಯಾಗಿ ಸ್ವಲ್ಪ ಕಾಲಕ್ಕೆ ಹುಡುಗಿ ಬಂದು, "ಸಂಜೀಕ ಮನಿಗಿ ಬಂದ್ರ ಮಾತೇ ಆಡಂಗಿಲ್ರಿ ಕಾಕು. ನಾ ಏನ ತಪ್ಪ ಮಾಡೀನಿ ತಿಳೀವಲ್ದು" ಎಂದು ಅತ್ತಳು. ಕಾಕು ಆ ಸಂಜೆಯೇ ನಿಲ್ದಾಣಕ್ಕೆ ಹೋಗಿ ಕೂತರು. ಹುಡುಗ ಬಸ್ಸಿನಿಂದ ಇಳಿದ. ಕೈಯಲ್ಲಿ ಊಟದ ಡಬ್ಬಿ.

"ಖಾಲಿ ಡಬ್ಬಿ ಹಿಡಿದ ಕೈ ಜೋಕಾಲಿ ಆಡ್ತದವ್ವಾ. ಇವನ ಕೈ ಕೆಳಗ ಜಗ್ಗಿತ್ತು," ಎಂದು ಕಾಕು ನನಗೆ ಎಷ್ಟೋ ಸಲ ಹೇಳಿದ್ದಾರೆ. ಹೋಗಿ ಡಬ್ಬಿ ತೆಗೆಸಿದರೆ ಬೆಳಿಗ್ಗೆ ಕಟ್ಟಿದ ರೊಟ್ಟಿ, ಪಲ್ಯ ಹಾಗೇ ಇತ್ತು. ನೌಕರಿ ಹೋಗಿ ಎಷ್ಟೋ ದಿನವಾಗಿತ್ತು. ಮನೆಯಲ್ಲಿ ಹೇಳಲಾರದೆ ಅವನು ದಿನವೂ ಬಸ್ಸು ಹತ್ತಿ, ಬೀದರದ ಕೋಟೆಯ ಗೋಡೆಯ ನೆರಳಿನಲ್ಲಿ ಸಂಜೆಯವರೆಗೆ ಕೂತು ಬರುತ್ತಿದ್ದ. ಉಣ್ಣಲು ನಾಚಿಕೆಯಾಗುತ್ತಿತ್ತಂತೆ. ಅಂದೇ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ಆ ಡಬ್ಬಿಯನ್ನು ಇಬ್ಬರಿಗೂ ಉಣಿಸಿ ಕಾಕು ಎದ್ದು ಬಂದರು. ಅವನು ಈಗ ಹೊಲಗಳಿಗೆ ಸೋಲಾರ್ ಪಂಪು ಕೂಡಿಸುತ್ತಾನೆ. ನಮ್ಮ ತಾಲೂಕಿನಲ್ಲಿ ಅವನಷ್ಟು ಫೋನು ಬರುವವರು ಕಡಿಮೆ.

ಅಂದಿನಿಂದ ಕಾಕು ಯಾವ ಹುಡುಗನ ಪಗಾರವನ್ನೂ ಮೊದಲು ಕೇಳಲಿಲ್ಲ. ಅವನು ಸಂಜೆ ಹೇಗೆ ಮನೆಗೆ ಬರುತ್ತಾನೆ ಎಂದು ನೋಡುತ್ತಿದ್ದರು.

ನಾನು ಟ್ಯೂಷನ್ ಮುಗಿಸಿ ಅಪ್ಪನ ಬಸ್ಸಿಗಾಗಿ ಅಲ್ಲೇ ಕಾಯುತ್ತಿದ್ದೆ. ಅಪ್ಪ ಬೀದರದ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಾನು ಹೆಚ್ಚು ಮಾತಿನವಳಲ್ಲ. ಕಾಕುವಿಗೆ ಅದರಿಂದ ತೊಂದರೆ ಇರಲಿಲ್ಲ. ಆ ಸಂಜೆಗಳು ಈಗ ನೆನಪಿಗೆ ಬರುವಾಗ ಒಂದರೊಳಗೊಂದು ಕರಗಿ ಒಂದೇ ಸಂಜೆಯಾಗಿಬಿಡುತ್ತವೆ. ಬಸ್ಸು ನಿಲ್ಲುತ್ತದೆ. ಅದರ ಹಿಂದೆ ಬಂದ ಧೂಳು ಬಸ್ಸನ್ನು ದಾಟಿ ಮುಂದೆ ಹೋಗಿ, ಬಿಸಿಲಿನಲ್ಲಿ ಹಳದಿಯಾಗಿ ನಿಲ್ಲುತ್ತದೆ. ಆ ಹಳದಿಯೊಳಗಿಂದ ಜನ ಒಬ್ಬೊಬ್ಬರಾಗಿ ಕನಸಿನಿಂದ ಹೊರಬರುವಂತೆ ಬರುತ್ತಾರೆ. ಬೀದರದಿಂದ ಬಂದವರ ಚಪ್ಪಲಿಗೆ ಕೆಂಪು ಮಣ್ಣು, ಹಳ್ಳಿಗಳಿಂದ ಬಂದವರದಕ್ಕೆ ನಮ್ಮ ಕಪ್ಪು ಮಣ್ಣು.

"ಕಾಲ ನೋಡು, ಮಾರಿ ನೋಡಬ್ಯಾಡ," ಎನ್ನುತ್ತಿದ್ದರು ಕಾಕು. "ಮಾರಿ ಸುಳ್ಳ ಹೇಳ್ತದ. ಇಳಿದ ಮ್ಯಾಲ ಕಾಲ ಮೊದಲ ಯಾವ ಕಡಿ ತಿರುಗ್ತಾವ ನೋಡು. ಮನಿ ಕಡೀನೋ, ಹೋಟೆಲ್ ಕಡೀನೋ, ಇಲ್ಲಾ ಎಲ್ಲೀನೂ ತಿರಗಂಗಿಲ್ಲೋ."

"ಅಪ್ಪಂದು?"

"ನಿಮ್ಮಪ್ಪ ಇಳಿದು ಒಂದ ಸಲ ಬಸ್ಸಿಗಿ ಹೊಳ್ಳಿ ನೋಡ್ತಾನ. ಅಂಗಡಿ ಅಲ್ಲಿ ಬಿಟ್ಟು ಬಂದಿಲ್ಲವ್ವಾ, ಹೆಗಲ ಮ್ಯಾಲ ಹೊತ್ತು ತಂದಾನ. ಜರಾ ಹೊತ್ತ ಅವಗ ಏನೂ ಕೇಳಬ್ಯಾಡ್ರಿ."

ಅಂದಿನಿಂದ ನಾನು ಅಪ್ಪನಿಗೆ ನೀರು ಕೊಟ್ಟು ಸುಮ್ಮನೆ ಇರುತ್ತಿದ್ದೆ.

ನಾನು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಒಂದು ಭಾನುವಾರದ ಪುರವಣಿಯಲ್ಲಿ, ಮುಂದಿನ ವರ್ಷಗಳಲ್ಲಿ ರಾಜ್ಯದಲ್ಲಿ ಬೇಡಿಕೆ ಹೆಚ್ಚಲಿರುವ, ಒಳ್ಳೆಯ ಸಂಬಳದ ಉದ್ಯೋಗಗಳ ಬಗ್ಗೆ ಲೇಖನ ಬಂದಿತ್ತು. ಕಾಕು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ಓದವ್ವಾ, ನನ್ನ ಧಂದೆದ ಪಂಚಾಂಗ ಬಂದಾದ," ಎಂದರು.

"ಸೋಲಾರ್ ತಂತ್ರಜ್ಞರು," ಎಂದು ಓದಿದೆ.

"ನಮ್ಮ ಅಳಿಯ. ಮೈ ಕರ್ರಗ ಆಗ್ಯಾದ, ಡಬ್ಬಿ ಖಾಲಿ ತರ್ತಾನ. ಮುಂದ?"

"ಡೇಟಾ ಅನಾಲಿಸ್ಟ್. ಅವರು ಮನಿಯಾಗೇ ಕುಂತು ಕಂಪ್ಯೂಟರದಾಗ ಮಾಡ್ತಾರ್ರಿ."

"ಅಂದ್ರ ಬಸ್ಸಿನಿಂದ ಇಳಿಯೂದೇ ಇಲ್ಲ. ನಾ ಹ್ಯಾಂಗ ಹೇಳ್ಲಿ? ಬಿಡು."

"ಅರಿವಳಿಕೆ ತಂತ್ರಜ್ಞರು."

"ಅದೇನದು?"

"ಆಪರೇಷನ್ ಮಾಡೂ ಮುಂದ ನಿದ್ದಿ ಹಚ್ತಾರಲ್ರಿ, ಅಲ್ಲಿ ಡಾಕ್ಟರ್ ಜೋಡಿ ಇರೋರು."

ಕಾಕು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಮಂದೀನ್ನ ಎಬ್ಬಿಸಿ ದುಡಿಸಿದ್ರ ಪಗಾರ ಕೊಡ್ತಾರ. ಮಲಗಿಸಿದ್ರ ಯಾರ ಕೊಡ್ತಾರ? ಹಂಗಿದ್ರ ನಮ್ಮೂರ ಮಾಸ್ತರಿಗೆಲ್ಲಾ ಡಬಲ್ ಪಗಾರ ಬರಬೇಕಿತ್ತು!"

ನಾನು ನಗಲಿಲ್ಲ. ಅವರ ಅರ್ಧಗಣ್ಣು ನನ್ನ ಕಡೆ ತಿರುಗಿತು.

"ಯಾಕ?"

"ನಾ ಅದನ್ನೇ ಕಲೀಬೇಕಂತ ಮಾಡೀನಿ ಕಾಕು."

ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಯಾಕೆ ಬೇಕೆನಿಸಿತು ಎಂದು ಕೇಳಿದ್ದರೆ ಆಗ ಹೇಳಲು ಬರುತ್ತಿರಲಿಲ್ಲ. ನಿದ್ದೆಹೋದವರ ಪಕ್ಕದಲ್ಲಿ ಒಬ್ಬರು ಎಚ್ಚರವಾಗಿ ಕೂತಿರುತ್ತಾರೆ ಎಂಬ ಆ ಕಲ್ಪನೆಯೇ ನನಗೆ ಹಿಡಿಸಿತ್ತು. ಅಲ್ಲಿ ಹೆಚ್ಚು ಮಾತಿರುವುದಿಲ್ಲ, ಗಮನ ಮಾತ್ರ ಬೇಕು ಎನಿಸಿತ್ತು.

ಕಾಕು ನನ್ನ ಕೈಯಿಂದ ಪುರವಣಿ ತೆಗೆದುಕೊಂಡು ಮಡಚಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಾರಣ ನನಗೆ ಗೊತ್ತಿತ್ತು. ನನಗೆ ಔರಾದದಿಂದ ಸಂಬಂಧ ತಂದವರು ಅವರೇ. ದೊಡ್ಡ ಮನೆ, ಸರ್ಕಾರಿ ನೌಕರಿಯ ಹುಡುಗ. ಅವನನ್ನೂ ಅವರು ಸಂಜೆ ಔರಾದಕ್ಕೆ ಹೋಗಿ ನೋಡಿ ಬಂದಿದ್ದರು, ಒಳ್ಳೆಯವನೇ. ಆದರೆ ಪರೀಕ್ಷೆ ಮುಗಿದ ಕೂಡಲೇ ಮದುವೆಯಾಗಬೇಕು, ಆಮೇಲೆ ಓದು ಬೇಡ ಎಂದು ಅವನ ತಾಯಿಯ ಮಾತು. ಅಪ್ಪ ಬಹುತೇಕ ಒಪ್ಪಿದ್ದರು. ಕಾಕು ಔರಾದದವರಿಗೆ ಮಾತು ಕೊಟ್ಟಾಗಿತ್ತು. ಅವರ ಕೆಲಸದಲ್ಲಿ ಮಾತೇ ಬಂಡವಾಳ.

ಮುಂದಿನ ವಾರ ಮನೆಗೆ ಬಂದು, "ನಡಿ, ಬೀದರಕ್ಕ ಹೋಗಿ ಬರೋಣ," ಎಂದರು. ದೊಡ್ಡ ದವಾಖಾನೆಯೊಂದರ ಗೇಟಿನ ಎದುರು ಪುಟಪಾತಿನ ಮೇಲೆ ಇಬ್ಬರೂ ಕೂತೆವು. ಸೀತಾಫಲದ ಕಾಲ. ಬುಟ್ಟಿಯವರು ಸಾಲಾಗಿ ಕೂತಿದ್ದರು. ಆ ಹಣ್ಣಿನ ಸಿಹಿ ವಾಸನೆಯಲ್ಲಿ ಬೀದಿಯೇ ಮಂಪರಿಗೆ ಜಾರಿದಂತಿತ್ತು. ಡ್ಯೂಟಿ ಮುಗಿದವರು ಒಬ್ಬೊಬ್ಬರೇ ಹೊರಬಂದರು. ಕೊನೆಗೆ ಒಬ್ಬಳು ಹುಡುಗಿ. ಟೊಪ್ಪಿಗೆಯಡಿ ಇದ್ದ ಕೂದಲು ಒತ್ತಿಹೋಗಿತ್ತು, ಕೆನ್ನೆಯ ಮೇಲೆ ಮಾಸ್ಕಿನ ಗೆರೆ. ಗೇಟಿನಲ್ಲಿ ನಿಂತು ಬೆಕ್ಕಿನಂತೆ ಮೈಮುರಿದು ಆಕಳಿಸಿದಳು. ಆಮೇಲೆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಸೀತಾಫಲವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಆರಿಸತೊಡಗಿದಳು. ಅವಸರವೇ ಇರಲಿಲ್ಲ.

ಕಾಕು ಎದ್ದು ಹೋಗಿ ಪಕ್ಕದಲ್ಲೇ ಕೂತರು. "ನೀ ಏನ ಕೆಲಸ ಮಾಡ್ತಿ ತಂಗಿ?"

ಹುಡುಗಿ ಹೇಳಿದಳು. ಅದೇ ಕೆಲಸ. ನಾನು ಬೀದಿಯ ಈಚೆಯಿಂದ ಎದ್ದು ಹತ್ತಿರ ಹೋದೆ.

"ಅಂದ್ರ ಮಂದೀನ್ನ ಮಲಗಸ್ತಿ?"

"ಮಲಗಸೋರು ಡಾಕ್ಟರ್ ರಿ ಅಜ್ಜಿ. ನಾ ಅವರ ಉಸಿರು ನೋಡ್ತೇನಿ, ಮಶೀನ್ ನೋಡ್ತೇನಿ. ಏಳೂ ತನಕ ಬಾಜೂಕ ಇರ್ತೇನಿ."

"ಬ್ಯಾಸರ ಆಗಂಗಿಲ್ಲ?"

"ಕಣ್ಣ ತೆರದು 'ಮುಗೀತೇನ್ರಿ?' ಅಂತ ಕೇಳ್ತಾರ ನೋಡ್ರಿ, ಆಗ ಛಲೋ ಅನಸ್ತದ," ಎಂದು ಅವಳು ಕಾಕುವಿನ ಕೈಗೂ ಒಂದು ಹಣ್ಣು ಇಟ್ಟಳು.

ವಾಪಸು ಬರುವ ಬಸ್ಸಿನಲ್ಲಿ ಕಾಕು ಆ ಹಣ್ಣನ್ನು ಬಿಡಿಸಿ ಅರ್ಧ ನನಗೆ ಕೊಟ್ಟರು. "ದಿನ ಮುಗಿದ ಮ್ಯಾಲ ಹಣ್ಣ ಆರಿಸೂವಷ್ಟು ತಾಳ್ಮಿ ಉಳದಾದ ಅಂದ್ರ, ಆ ಕೆಲಸ ಮನಷ್ಯಾನ್ನ ಪೂರಾ ತಿಂದಿಲ್ಲ," ಎಂದರು. ಬೀಜಗಳನ್ನು ಒಂದೊಂದಾಗಿ ಕಿಟಕಿಯಾಚೆ ಉಗುಳುತ್ತಾ, "ನಿಮ್ಮಪ್ಪಗ ನಾ ಹೇಳ್ತೇನಿ. ಔರಾದಕ್ಕೂ ನಾನೇ ಹೋಗ್ತೇನಿ," ಎಂದರು.

ಅಪ್ಪನಿಗೆ ಅವರು ಹೇಳಿದ್ದು ಇಷ್ಟೇ: "ಔರಾದದ ಹುಡುಗಗ ಹುಡಿಗ್ಯಾರು ಸಿಗ್ತಾರ. ನಿನ್ನ ಮಗಳಿಗಿ ಈ ಕೆಲಸ ಮತ್ತ ಸಿಗಂಗಿಲ್ಲ. ಕಲೀಲಿ ಬಿಡು." ಅಪ್ಪ ತಲೆ ತಗ್ಗಿಸಿ, "ನಿಮ್ಮ ಮಾತಿನ ಗತಿ ಏನು ಕಾಕು?" ಎಂದರು. "ಅದು ನನ್ನ ಜಿಮ್ಮೇದಾರಿ," ಎಂದರು ಅವರು.

ಔರಾದಕ್ಕೆ ಒಬ್ಬರೇ ಹೋದರು. ಅಂದು ಬೆಂಚಿನ ಮೇಲೆ ಕೂತವಳು ನಾನು, ಬಸ್ಸಿನಿಂದ ಇಳಿದವರು ಕಾಕು. ಹಳದಿ ಧೂಳಿನೊಳಗಿಂದ ಬಂದು ನಿಂತರು. ಅವರ ಕಾಲು ಯಾವ ಕಡೆಗೂ ತಿರುಗಲಿಲ್ಲ. ಎಷ್ಟೋ ಹೊತ್ತು ಹಾಗೇ ನಿಂತಿದ್ದರು. ನಾನು ಹೋಗಿ ಕೈ ಹಿಡಿದೆ.

"ಏನಂದ್ರು ಕಾಕು?"

"ಹುಡುಗನ ಅವ್ವ ಅಂದಳು, 'ಇವತ್ತ ಮಾತ ಮುರದಿ. ನಾಳಿ ನಿನ್ನ ಮಾತಿಗಿ ಈ ಔರಾದದಾಗ ಯಾರ ಬಾಗಲಾ ತಗೀತಾರ, ನಾನೂ ನೋಡ್ತೇನಿ.' ಮೊದಲ ನನಗ ಒಂದ ಕಪ್ ಚಹಾ ಕುಡಸವ್ವಾ. ಸಕ್ರಿ ಜಾಸ್ತಿ ಹಾಕಸು. ಅಲ್ಲಿ ಇವತ್ತ ನೀರ ಸುದ್ದಾ ಕೊಡಲಿಲ್ಲ."

ಆಮೇಲೆ ಔರಾದದ ಕಡೆಯಿಂದ ಅವರಿಗೆ ಕರೆ ಬರಲಿಲ್ಲ. ಕುರಿ ಸಾಕಿದವರಿಗೆ ಅರ್ಧ ಹುಲ್ಲುಗಾವಲು ಹೋದಂತೆ ಆಯಿತು. ಯಾರಾದರೂ ಆ ಮಾತೆತ್ತಿದರೆ, "ಔರಾದಕ್ಕ ರೈಲು ಸುದ್ದಾ ಇಲ್ಲ, ಸೊಂಟ ನೋಯ್ತದ, ನಾ ಹೋಗಂಗಿಲ್ಲ," ಎಂದು ಬಿಡುತ್ತಿದ್ದರು. ಹೋಗದಿರುವುದು ಅವರದೇ ನಿರ್ಧಾರ ಎಂಬಂತೆ.

ನಾನು ಕಲಿತೆ. ಬೀದರದಲ್ಲೇ ಕೆಲಸ ಸಿಕ್ಕಿತು. ಪುರವಣಿಯ ಮಾತು ನನ್ನ ಮಟ್ಟಿಗೆ ಸುಳ್ಳಾಗಲಿಲ್ಲ. ನನ್ನ ಜೊತೆ ಕಲಿತವರನ್ನು ಕಲಬುರಗಿಯಿಂದ, ಹೈದರಾಬಾದಿನಿಂದ ಕರೆದು ಕೇಳುತ್ತಾರೆ. ನನ್ನ ಪಗಾರ ಮನೆಗೆ ಸಾಕಾಗುವುದರಿಂದ ಅಪ್ಪ ಈಗ ಅಂಗಡಿಗೆ ಹೋಗುವುದಿಲ್ಲ.

ಕಾಕುವಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್ ಎಂದಾಗ ನಮ್ಮ ದವಾಖಾನೆಗೇ ಬಂದರು. ಟೇಬಲ್ಲಿನ ಮೇಲೆ ಮಲಗಿ, ಮೇಲಿನ ದೊಡ್ಡ ದೀಪವನ್ನು ಒಂದೂವರೆ ಕಣ್ಣಿನಿಂದ ನೋಡಿದರು. "ನಾ ಏಳೂ ತನಕ ನೀ ಇರ್ತಿ?" ಎಂದರು. "ಇರ್ತೇನಿ ಕಾಕು," ಎಂದೆ. ಡಾಕ್ಟರು ಔಷಧಿ ಕೊಟ್ಟರು. ನನ್ನ ಬೆರಳು ಹಿಡಿದಿದ್ದ ಅವರ ಕೈ ಬೇವಿನ ಎಲೆ ಉದುರುವಂತೆ ಸಡಿಲವಾಯಿತು. ಆ ಹೊತ್ತಿನಲ್ಲಿ ನಾನು ಅವರ ಉಸಿರನ್ನಲ್ಲದೆ ಬೇರೇನನ್ನೂ ನೋಡಲಿಲ್ಲ.

ಆಪರೇಷನ್ ಮುಗಿದು ಎಚ್ಚರದ ವಾರ್ಡಿಗೆ ತಂದಾಗ ಸಂಜೆಯ ಬಿಸಿಲು ಪರದೆಯ ಮೇಲೆ ಹಳದಿಯಾಗಿ ಬಿದ್ದಿತ್ತು. ಮಗ್ಗುಲಾಗಿ ಮಲಗಿಸಿದ್ದ ಕಾಕುವಿನ ಬಲಗಣ್ಣಿನ ಮೇಲೆ ಬಟ್ಟೆ ಜಾರಿತ್ತು. ಹೊಸದಾಗಿ ಬಂದಿದ್ದ ನರ್ಸು, "ಅಜ್ಜೀ, ಕಣ್ಣ ತೆರೀರಿ, ಪೂರಾ ತೆರೀರಿ," ಎಂದು ಮತ್ತೆ ಮತ್ತೆ ಭುಜ ತಟ್ಟುತ್ತಿದ್ದಳು. ಎಡಗಣ್ಣು ಅರ್ಧದಲ್ಲೇ ನಿಂತಿತ್ತು. ಅವಳು ಗಾಬರಿಯಾಗಿ, "ಇನ್ನೂ ಎಚ್ಚರ ಆಗವಲ್ರು, ಡಾಕ್ಟರ್‌ಗ ಕರೀಲೇನ್ರಿ?" ಎಂದಳು.

ನಾನು ಬಗ್ಗಿ ನೋಡಿದೆ. ಆ ಅರ್ಧಗಣ್ಣು ನನ್ನ ಚಪ್ಪಲಿಯನ್ನು ನೋಡುತ್ತಿತ್ತು.

"ಬ್ಯಾಡ. ಎಚ್ಚರ ಆಗ್ಯಾರ," ಎಂದೆ.

ಒಣಗಿದ ತುಟಿ ಅಲುಗಿತು. "ಹ್ಯಾಂಗ ಬಂದೆ ನಾ?"

"ಛಲೋ ಬಂದ್ರಿ ಕಾಕು. ಸೀದಾ ಮನಿಗಿ ಬಂದಂಗ ಬಂದ್ರಿ."

ಅದಾದ ಮೇಲೆ ಅವರು ಒಂದು ಬೇಸಿಗೆ ಇದ್ದರು. ಮಳೆ ಬರುವ ಮುನ್ನ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಎಡಗಣ್ಣು ಎಂದಿನಂತೆ ಅರ್ಧ ತೆರೆದೇ ಇತ್ತು, ಹಾಗಾಗಿ ತೂಕಡಿಸುತ್ತಿದ್ದಾರೆ ಎಂದುಕೊಂಡ ಮನೆಯವರಿಗೆ ಬಹಳ ಹೊತ್ತು ತಿಳಿಯಲಿಲ್ಲ. ನಾನು ಆಗ ಡ್ಯೂಟಿಯಲ್ಲಿ ಬೇರೆ ಯಾರದೋ ಪಕ್ಕದಲ್ಲಿದ್ದೆ.

ಈಗಲೂ ಬೀದರದಿಂದ ಸಂಜೆಯ ಬಸ್ಸಿಗೇ ಬರುತ್ತೇನೆ. ಇಳಿದ ಮೇಲೆ ಹಣ್ಣಿನ ಗಾಡಿಯ ಮುಂದೆ ನಿಂತು ಒಂದೊಂದೇ ಆರಿಸುತ್ತೇನೆ. ಕೆಲವು ದಿನ ಆಗುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ಹಾಕು ಎನ್ನುವಂತಾಗುತ್ತದೆ. ಅಂಥ ದಿನ ಏನನ್ನೂ ಕೊಳ್ಳದೆ ಆ ಕಲ್ಲುಬೆಂಚಿನ ಮೇಲೆ, ಅವರು ಕೂರುತ್ತಿದ್ದ ತುದಿಯನ್ನು ಬಿಟ್ಟು, ಈ ತುದಿಯಲ್ಲಿ ಕೂರುತ್ತೇನೆ. ಧೂಳು ಇಳಿಯುತ್ತದೆ. ಕಾಲು ತಾನಾಗಿ ಮನೆಯ ಕಡೆ ತಿರುಗಿದ ಮೇಲೆ ಎದ್ದು, ಹಣ್ಣು ಆರಿಸಿ, ಹೊರಡುತ್ತೇನೆ.