ಬಿಪಿ ಗುಳಿಗೆ

ಕಂಡಕ್ಟರ್ ಕಾಕಾನ ಎಡಭುಜದ ಮೇಲೆ ಬೆರಳಗಲದ ಒಂದು ತಗ್ಗು ಇತ್ತು. ಇಪ್ಪತ್ತು ವರ್ಷ ಟಿಕೆಟ್ ಚೀಲದ ಪಟ್ಟಿ ಕೂತು ಕೂತು ಬಿದ್ದದ್ದು. ದೋರನಹಳ್ಳಿಯಲ್ಲಿ ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಜಳಕಕ್ಕೆ ಮುಂಚೆ ಅಂಗಳದಲ್ಲಿ ಕೂತು ಆ ತಗ್ಗಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಗೋಡೆಯಾಚೆಯಿಂದಲೇ ನನ್ನನ್ನು ಕೂಗುತ್ತಿದ್ದ: "ಏಳವ್ವಾ, ಬಸ್ಸು ನಿಮ್ಮಪ್ಪಂದಲ್ಲ."

ಆದರೆ ಬಸ್ಸು ನನಗಾಗಿ ನಿಲ್ಲುತ್ತಿತ್ತು. ಪಿಯುಸಿ ಮುಗಿದಾಗ ಅಪ್ಪ ಇಷ್ಟೇ ಸಾಕು ಅಂದಿದ್ದರು. ಕಾಕಾ ನಮ್ಮ ಕಟ್ಟೆಗೆ ಬಂದು ಕೂತು, "ನನ್ನ ಬಸ್ಸಿನಾಗ ಯಾದಗಿರಿಗಿ ಹೋಗ್ತಾಳ, ನನ್ನ ಬಸ್ಸಿನಾಗ ಮನಿಗಿ ಬರ್ತಾಳ. ಇನ್ನೇನ ಬೇಕ್ರಿ ನಿಮಗ?" ಎಂದು ಕೇಳಿದ. ಕಾಲೇಜಿನಲ್ಲಿ ಪ್ರಾಕ್ಟಿಕಲ್ ತಡವಾದ ದಿನ ಬಸ್ಸನ್ನು ಹಿಡಿದು ನಿಲ್ಲಿಸುತ್ತಿದ್ದ. ಯಾರಾದರೂ ಗೊಣಗಿದರೆ, "ಗಡಿಬಿಡಿ ಇದ್ದವ್ರು ಇಳಿದು ನಡೀರಿ" ಅನ್ನುತ್ತಿದ್ದ. ನಾನಿಂದು ಟೀಚರ್ ಆಗಿದ್ದರೆ ಅದು ಅವನಿಂದ.

ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಕಾಕಾ ನಿದ್ದೆ ಬಿಟ್ಟ. ಎರಡು ತಾಸು ಮಲಗಿದರೂ ದಣಿವಿಲ್ಲ. ಬಸ್ ನಿಲ್ದಾಣಕ್ಕೆ ತಾನೇ ಸುಣ್ಣ ಹೊಡೆದ. ಬಾಯಿ ಮುಚ್ಚದೆ ಮಾತು. ಊರು ಖುಷಿಪಟ್ಟಿತು. ಒಂದು ಬೆಳಿಗ್ಗೆ ಮುಂದೆ ರಸ್ತೆ ಬಂದ್ ಆಗಿದೆ ಎಂದು ಡ್ರೈವರನಿಗೆ ಹೇಳಿ, ತುಂಬಿದ ಬಸ್ಸನ್ನು ಶಿರವಾಳಕ್ಕೆ ತಿರುಗಿಸಿದ. ಎಲ್ಲರನ್ನೂ ಇಳಿಸಿ ಹಳೆಯ ಗುಡಿಗಳ ಸುತ್ತ ಕರೆದೊಯ್ದು ಒಂದೊಂದು ಕಂಬದ ಮುಂದೆಯೂ ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟಿದರು, ಮೊಬೈಲಿನಲ್ಲಿ ಫೋಟೊ ತೆಗೆದರು. ಮರುವಾರ ಅದೇ ಜನ ದೂರಿಗೆ ಸಹಿ ಹಾಕಿದರು. ಕಾಕಾ ಸಸ್ಪೆಂಡ್ ಆದ.

ಆಮೇಲೆ ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಊಟ ಮಾಡು ಎಂದರೆ, "ನಾ ಇದ್ದು ಏನ್ ಉಪಯೋಗ" ಅನ್ನುತ್ತಿದ್ದ. ಆಗ ಊರಿನ ಮಾತು ಬದಲಾಯಿತು. "ಸೊಕ್ಕು ಇಳದದ." "ನಾಟಕ ಮಾಡಾಕತ್ತಾನ." ಈ ಮಾತಾಡಿದವರು ಯಾರು ಯಾರು ಎಂದು ನನಗೆ ಇನ್ನೂ ನೆನಪಿದೆ. ಎದುರಿಗೆ ಸಿಕ್ಕು ಆರಾಮ ಅದೀರೇನು ಎಂದು ಕೇಳಿದರೆ ಈಗಲೂ ಮೈ ಉರಿಯುತ್ತದೆ.

ಕಲಬುರಗಿಯ ಮನೋವೈದ್ಯರ ಬಳಿಗೆ ಅವನನ್ನು ಕರೆದೊಯ್ದದ್ದು ಅವನ ಹೆಂಡತಿ, ನಮ್ಮ ಕಾಕು. ಬೋರ್ಡು ಓದಲು ಜೊತೆಗೆ ನಾನು. ಡಾಕ್ಟರು ಒಂದು ತಾಸು ಕೂತು ಕೇಳಿದರು. ಬಸ್ ತಿರುಗಿಸಿದ್ದೂ ಗೋಡೆಗೆ ಮುಖ ಮಾಡಿ ಮಲಗಿದ್ದೂ ಒಂದೇ ರೋಗದ ಎರಡು ಮುಖ ಎಂದರು. ಅದರ ಹೆಸರು ಬೈಪೋಲಾರ್. "ಸಕ್ಕರಿ ರೋಗ ಇದ್ದಂಗ ಇದು. ಯಾರ ತಪ್ಪೂ ಅಲ್ಲ. ಆರಾಮ ಆತಂತ ಗುಳಿಗಿ ಬಿಡಂಗಿಲ್ಲ." ಲಿಥಿಯಂ ಎಂಬ ಗುಳಿಗೆ ಬರೆದುಕೊಟ್ಟರು, ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಎದ್ದು ಹೊರಟವರನ್ನು ಮತ್ತೆ ಕೂರಿಸಿ ಹೇಳಿದರು: "ಎಲ್ಲಾರಂಗ ಉಪ್ಪು ತಿನ್ರಿ, ನೀರು ಕುಡೀರಿ. ಅವೆರಡು ಕಡಿಮಿ ಆದ್ರ ಈ ಗುಳಿಗಿ ಮೈಯಾಗ ನಿಂತು ವಿಷ ಆಗತದ."

ಮರಳಿ ಬರುವಾಗ ಬಸ್ಸಿನಲ್ಲಿ ಕಾಕು ಅಳತೊಡಗಿದಳು. "ಊರಾಗ ಏನಂತ ಹೇಳೋದು? ಮಗಳ ಲಗ್ನ ಆಗಬೇಕು." ನಾನು ಚೀಟಿ ನೋಡಿದೆ. ರೋಗದ ಹೆಸರಿನ ಜಾಗದಲ್ಲಿ ಡಾಕ್ಟರು ಬಿಡಿ ಅಕ್ಷರ ಬರೆದಿದ್ದರು. ಮೊದಲೆರಡು ಬಿ ಮತ್ತು ಪಿ. ಎರಡು ವರ್ಷ ಬಿಎಸ್ಸಿ ಓದಿದ ಜಾಣೆ ನಾನು. "ಬಿಪಿ ಅಂತ ಹೇಳ್ರಿ ಕಾಕು. ಚೀಟ್ಯಾಗೂ ಹಂಗೇ ಅದ" ಎಂದೆ. ಕಾಕಾ ಎಷ್ಟೋ ತಿಂಗಳ ಮೇಲೆ ನಕ್ಕ. "ಹೌದಲ್ಲ, ಸುಳ್ಳೂ ಅಲ್ಲ."

ನಾಲ್ಕು ವರ್ಷ ಆರಾಮಾಗಿದ್ದ. ಕೆಲಸ ಮರಳಿ ಸಿಕ್ಕಿತು. ಎಲ್ಲರ ಎದುರೇ ಗುಳಿಗೆ ನುಂಗುತ್ತಿದ್ದ. ಯಾರೂ ಎರಡನೇ ಮಾತು ಕೇಳಲಿಲ್ಲ. ಬಿಪಿ ಮರ್ಯಾದಸ್ಥರ ರೋಗ.

ಐದನೇ ವರ್ಷದ ಬೇಸಿಗೆಯಲ್ಲಿ ಕಾಕುವಿನ ತಾಯಿ ಸುರಪುರದಲ್ಲಿ ಬಿದ್ದು ಕಾಲು ಮುರಿದುಕೊಂಡಳು. ಕಾಕು ಮಗಳೊಂದಿಗೆ ಅಲ್ಲಿಗೆ ಹೋದಳು. ತಮ್ಮನಿಗೆ ಅಡುಗೆ ಮಾಡಲು ಬಳಿಚಕ್ರದಿಂದ ಕಾಕಾನ ಅಕ್ಕ ಬಂದಳು. ಚಿಕ್ಕಂದಿನಲ್ಲಿ ಅವನ ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ತಮ್ಮನಿಗೆ ಬಿಪಿ ಇದೆ ಎಂಬುದಷ್ಟೇ ಅವಳಿಗೆ ಗೊತ್ತು. ಬಿಪಿ ಇದ್ದವರಿಗೆ ಉಪ್ಪು ಆಗದು ಎಂಬುದೂ ಗೊತ್ತು. ಓಣಿಯ ಪ್ರತಿ ಹೆಂಗಸೂ ಅದನ್ನೇ ಹೇಳಿದ್ದಳು.

ಆಗ ನಾನು ಯಾದಗಿರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಶನಿವಾರ ಮಧ್ಯಾಹ್ನ ಊರಲ್ಲಿ ಇಳಿದಾಗ, ಡ್ಯೂಟಿ ಮುಗಿಸಿ ಬಂದ ಕಾಕಾ ನಿಲ್ದಾಣದ ಕಂಬ ಹಿಡಿದು ನಿಂತಿದ್ದ. ಕೈ ಗಡಗಡ ನಡುಗುತ್ತಿತ್ತು. ಹೆಜ್ಜೆ ಇಟ್ಟರೆ ಕಾಲಿಗೆ ಕಾಲು ತೊಡರುತ್ತಿತ್ತು. ನನ್ನ ಹೆಸರು ಕರೆಯಲು ಹೋದರೆ ನಾಲಿಗೆ ಹೊರಳಲಿಲ್ಲ. ಚಹಾ ಅಂಗಡಿಯಲ್ಲಿ ಕೂತವರು ನಗುತ್ತಿದ್ದರು. "ಕಂಡಕ್ಟರ್ ಸಾಹೇಬ್ರು ಹಗಲಿಗೇ ಏರಿಸ್ಯಾರ." ಕಾಕಾ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ನನ್ನ ಬಾಯಿಂದ ಅವತ್ತು ಎಂಥ ಬೈಗುಳ ಬಂದವೋ, ಇಲ್ಲಿ ಬರೆಯುವಂಥವಲ್ಲ.

ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದೆ. ನಾಲ್ಕು ದಿನದಿಂದ ವಾಂತಿ, ಭೇದಿ, ಆದರೂ ಡ್ಯೂಟಿ ಬಿಟ್ಟಿಲ್ಲ ಎಂದು ಅವನ ಅಕ್ಕ ಹೇಳಿದಳು. "ಬಿಸಲು ಭಾಳ ಅದಲ್ಲ. ಊಟದ್ದೇನೂ ಚಿಂತಿ ಇಲ್ಲವ್ವಾ. ಇಪ್ಪತ್ತು ದಿನ ಆತು, ಒಂದು ಹರಳು ಉಪ್ಪು ಹಾಕಿಲ್ಲ. ಪಾಪ, ಸಪ್ಪನ್ನ ಸಾರು ಸುಮ್ಮನ ಉಣತಾನ."

ಸುಮ್ಮನೆ ಉಂಡಿದ್ದ. ಡಾಕ್ಟರ ಮಾತು ಅವನಿಗೆ ನೆನಪಿರಲಿಲ್ಲವೇ? ಇತ್ತು. ಆದರೆ ಉಪ್ಪು ಹಾಕು ಎಂದರೆ ಯಾಕೆ ಎಂದು ಕೇಳುತ್ತಾಳೆ, ಕೇಳಿದರೆ ಹೇಳಬೇಕು, ಅಕ್ಕನಿಗೆ ಹೇಳಿದರೆ ಓಣಿಗೆ ಗೊತ್ತಾಗುತ್ತದೆ. ಕಾಕು ಬರುವವರೆಗೆ ಇನ್ನೆಂಟು ದಿನ ತಳ್ಳಿದರಾಯಿತು ಅಂದುಕೊಂಡಿರಬೇಕು. ಆ ಸಲದ ರಕ್ತಪರೀಕ್ಷೆಯನ್ನೂ ಕಾಕು ಬರಲಿ ಎಂದು ಮುಂದೆ ಹಾಕಿದ್ದ.

ಅವತ್ತೇ ಕಲಬುರಗಿಗೆ ಒಯ್ದೆವು. ರಕ್ತದಲ್ಲಿ ಲಿಥಿಯಂ ಏರಿತ್ತು, ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್ ಮಾಡಿದರು. ನಾಲ್ಕನೇ ದಿನ ಕಾಕಾ ಹೋದ. ಗುಳಿಗೆ ಕೊಂದಿತೆಂದು ಯಾರೂ ಹೇಳಬೇಡಿ. ಆ ಗುಳಿಗೆ ನಾಲ್ಕು ವರ್ಷ ಅವನನ್ನು ಮನುಷ್ಯನಾಗಿ ಬದುಕಿಸಿತ್ತು. ಅದರ ಹೆಸರು ಹೇಳಿಕೊಂಡು ಬದುಕಲು ಬಿಡದ ಊರು ಅವನನ್ನು ಕೊಂದಿತು. ಆ ಊರಿಗೆ ಒಪ್ಪುವ ಸುಳ್ಳನ್ನು ಹುಡುಕಿಕೊಟ್ಟವಳು ನಾನು.

ಮಣ್ಣು ಮಾಡಿ ಬಂದ ಮೇಲೆ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಬಿಪಿ ಹೆಚ್ಚಾಗಿ ಹೋದನಂತೆ ಎಂದು ಅವರಲ್ಲಿ ಮಾತು ನಡೆದಿತ್ತು. ಕಾಕಾನ ಅಕ್ಕ ನನ್ನ ಕೈ ಹಿಡಿದುಕೊಂಡಳು. "ನಂದೇ ತಪ್ಪವ್ವಾ. ಇನ್ನಾ ಮೊದಲೇ ಬಂದು ಉಪ್ಪು ಬಿಡಸಬೇಕಿತ್ತು. ನಾ ತಡಾ ಮಾಡಿದೆ."

ನಾನು ಬಾಯಿ ತೆರೆದೆ. ಎದುರಿಗೆ ಕೂತ ಕಾಕು, ಮಗಳ ಬೆನ್ನ ಮೇಲೆ ಕೈಯಿಟ್ಟುಕೊಂಡು, ನನ್ನನ್ನೇ ನೋಡಿ ಬೇಡ ಎಂಬಂತೆ ತಲೆಯಾಡಿಸಿದಳು. ನಾನು ಬಾಯಿ ಮುಚ್ಚಿದೆ.

ಈಗ ಇದನ್ನೆಲ್ಲ ಧೈರ್ಯವಾಗಿ ಬರೆದೆ ಎಂದು ಯಾರೂ ನನ್ನನ್ನು ಹೊಗಳಬೇಡಿ. ಕಾಕಾನ ಅಕ್ಕ ಬಳಿಚಕ್ರದಲ್ಲಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ.