ಬಾಡಿಗೆ ಇಲ್ಲದ ಮನೆ

ಬೆಂಗಳೂರಿನಲ್ಲಿ ನಾನಿದ್ದದ್ದು ಮೂರನೆಯ ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಕಟ್ಟಿದ ಒಂಟಿ ಕೋಣೆಯಲ್ಲಿ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಒಂದು ಪುಸ್ತಕ ಮುಗಿಯಲು ನಾಲ್ಕೈದು ತಿಂಗಳು ಬೇಕು, ಬಾಡಿಗೆ ಮಾತ್ರ ತಿಂಗಳು ತಿಂಗಳಿಗೂ ಕೊಡಬೇಕು. ಅದಕ್ಕಾಗಿ ಹಗಲು ಶಾಲೆಯೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದೆ, ಸಂಜೆ ಮದುವೆ ಕಾಗದಗಳ ವಿನ್ಯಾಸ ಮಾಡುತ್ತಿದ್ದೆ. ಪುಸ್ತಕಕ್ಕೆ ಉಳಿಯುತ್ತಿದ್ದದ್ದು ಭಾನುವಾರ ಒಂದೇ. ಹೀಗೆ ಏಳು ವರ್ಷ ಕಳೆಯಿತು. ಮನೆಯೊಡೆಯರು ಮತ್ತೊಮ್ಮೆ ಬಾಡಿಗೆ ಏರಿಸಿದ ದಿನ, ತಲ್ಲೂರಿನಲ್ಲಿ ಅಣ್ಣನ ಜೊತೆಗಿರುವ ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ.

ಅಮ್ಮ ಅದನ್ನು ಮುಂಬೈಯಲ್ಲಿ ಹೋಟೆಲು ನಡೆಸುವ ತನ್ನ ದೊಡ್ಡಪ್ಪನ ಮಗನಿಗೆ ಹೇಳಿದಳು. ನನಗೆ ಅವರು ಮಾವ. ಕುಂದಾಪುರದ ಬಳಿಯ ಬೀಜಾಡಿಯಲ್ಲಿ ಕಡಲಿಗೆ ಹತ್ತಿರ ಎರಡು ಅಂತಸ್ತಿನ ಮನೆ ಕಟ್ಟಿಸಿ, ಗೃಹಪ್ರವೇಶದ ಒಕ್ಕಲು ಮುಗಿಸಿ, ಬೀಗ ಹಾಕಿಕೊಂಡು ಹೋಗಿದ್ದರು. ಮಾರನೆಯ ದಿನವೇ ಅವರ ಫೋನ್ ಬಂತು.

"ಬಾಡ್ಗಿ ಗೀಡ್ಗಿ ಎಂತದೂ ಬ್ಯಾಡ. ಮನಿ ಅಂದ್ರೆ ಜನ ಇರ್ಕ್. ಕಿಟ್ಕಿ ತೆಗ್ದ್ ಗಾಳಿ ಬಿಡ್, ದಿನಾ ದೀಪ ಹಚ್ಚ್, ಅಷ್ಟೇ. ನಿನ್ ಚಿತ್ರ ನೀ ಬರ್ಕಂಡ್ ಇರ್."

ಒಂದು ತಿಂಗಳೊಳಗೆ ಬಣ್ಣದ ಡಬ್ಬಿಗಳ ಜೊತೆ ಬೀಜಾಡಿಯಲ್ಲಿದ್ದೆ. ಅಡುಗೆಮನೆಯ ಪಕ್ಕದ ಕೋಣೆ ನನಗೆ. ಊಟದ ಮೇಜಿನ ಮೇಲೆ ಪೇಪರು ಹಾಸಿ, ಬೆಳಿಗ್ಗೆಯಿಂದ ಬೆಳಕು ಹೋಗುವವರೆಗೆ ಬರೆದೆ. ಏಳು ವರ್ಷದಲ್ಲಿ ಮೊದಲ ಸಲ ಮಂಗಳವಾರವೂ ನನ್ನದಾಗಿತ್ತು.

ಮಾವ ಒಂದು ದಿನವೂ ಗದರಿದವರಲ್ಲ. ಎಲ್ಲವೂ ಒಂದೊಂದೇ ಆಗಿ ಬಂತು. ಗೋಡೆಗೆ ಮೊಳೆ ಹೊಡೆಯಬಾರದು. ಉಪ್ಪುಗಾಳಿಗೆ ಗೇಟು ತುಕ್ಕು ಹಿಡಿಯುತ್ತದೆ, ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಒರೆಸಬೇಕು. ಸೋಫಾದ ಪ್ಲಾಸ್ಟಿಕ್ ಹೊದಿಕೆ ತೆಗೆಯಬಾರದು. ಆಮೇಲೆ ಕಳ್ಳರ ಸುದ್ದಿ ಕೇಳಿ ಗೇಟಿಗೂ ಚಾವಡಿಗೂ ಕ್ಯಾಮೆರಾ ಹಾಕಿಸಿದರು. ಕೊಲ್ಲೂರಿಗೋ ಶಂಕರನಾರಾಯಣಕ್ಕೋ ದೇವರ ದರ್ಶನಕ್ಕೆ ಹೊರಟ ಮಾವನ ಹೆಂಡತಿಯ ಕಡೆಯವರು ದಾರಿಯಲ್ಲಿ ಇಳಿದುಕೊಳ್ಳತೊಡಗಿದರು. ಒಮ್ಮೆ ಬಂದವರು ಎಂಟು ದಿನ ಉಳಿದರು. ಮೇಜು ಖಾಲಿ ಮಾಡಿ, ಅರ್ಧ ಒಣಗಿದ ಹಾಳೆಗಳನ್ನು ನನ್ನ ಮಂಚದ ಕೆಳಗೆ ಹರಡಿ, ಎಂಟು ದಿನವೂ ನೀರ್‌ದೋಸೆ ಹುಯ್ದೆ. ಅವರು ಹೋದ ಮೇಲೆ ನೋಡಿದರೆ ಎರಡು ಹಾಳೆಗೆ ಬೂಸಲು ಹಿಡಿದಿತ್ತು.

ಎರಡನೆಯ ವರ್ಷದ ಮಳೆಗಾಲಕ್ಕೆ ಮುಂಚೆ ಬೆಂಗಳೂರಿನ ಪ್ರಕಾಶಕರೊಬ್ಬರಿಂದ ಪತ್ರ ಬಂತು. ಐದು ಜನ ಚಿತ್ರಕಾರರು ಮೂರು ವಾರ ಒಟ್ಟಿಗೆ ಕೂತು ಪುಸ್ತಕ ಮಾಡುವುದು, ಊಟ ವಸತಿ ಅವರದೇ. ಅಂಥ ಕರೆ ನನಗೆ ಹಿಂದೆ ಬಂದಿರಲಿಲ್ಲ. ಮಾವನಿಗೆ ಫೋನ್ ಮಾಡಿದೆ.

"ಮೂರ್ ವಾರವಾ? ಮನಿ ಯಾರ್ ಕಾಂತ್ರ್?"

"ಆಚಿ ಮನಿ ಅಕ್ಕ ದೀಪ ಹಚ್ಚುಕೆ ಒಪ್ಪಿರ್, ಮಾವ."

ಆಚೆ ಮನೆಯ ಅಕ್ಕ ಮೀನು ಮಾರುವವರು. ಎರಡು ವರ್ಷದಲ್ಲಿ ನನಗೆ ಸಿಕ್ಕಿದ ಒಬ್ಬರೇ ಗೆಳತಿ.

"ಹೊರಗಿನವ್ರ್ ಕೈಯಗ್ ಕೀಲಿಕೈ ಕೊಡುಕೆ ಆತಿಲ್ಲ ಮಗಾ. ನೀ ಇದ್ದೆ ಅಂದೇ ನಂಗ್ ಇಲ್ಲಿ ನಿದ್ರಿ ಬಪ್ದ್," ಎಂದರು ಮಾವ.

ಅದನ್ನು ಅವರು ನಿಜವಾದ ಪ್ರೀತಿಯಿಂದ ಹೇಳಿದರು. ಬೆಂಗಳೂರಿನ ಮನೆಯೊಡೆಯರ ಜೊತೆ ನಾನು ನಲ್ಲಿ ನೀರಿಗಾಗಿ ಜಗಳವಾಡಿದ್ದೇನೆ, ತಿಂಗಳ ಬಾಡಿಗೆ ಕೊಟ್ಟಿದ್ದೇನೆ ಎಂಬ ಧೈರ್ಯ ಇತ್ತು. ಇಲ್ಲಿ ಸರಿ ಮಾವ ಎಂದು ಫೋನಿಟ್ಟೆ. ಮನೆಯ ತೊಂದರೆಯಿಂದ ಬರಲಾಗುತ್ತಿಲ್ಲ ಎಂದು ಪ್ರಕಾಶಕರಿಗೆ ಬರೆದೆ. ಕಳಿಸುವ ಮುಂಚೆ ಎರಡು ದಿನ ಆ ಕಾಗದವನ್ನು ಹಾಗೇ ಇಟ್ಟುಕೊಂಡಿದ್ದೆ.

ಆ ತಿಂಗಳೇ ಬೇರೆ ಕೋಣೆ ಹುಡುಕಲು ಹೊರಟೆ. ಕುಂದಾಪುರದಲ್ಲಿ ಕೇಳಿದ ಎರಡು ಕಡೆಯೂ ಕುಟುಂಬದವರಿಗೆ ಮಾತ್ರ ಎಂದರು. ಬ್ರಹ್ಮಾವರದಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಔಷಧಿ ಅಂಗಡಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಉತ್ತರಕ್ಕೆ ದೊಡ್ಡ ಕಿಟಕಿ, ಚಿತ್ರ ಬರೆಯಲು ಅದಕ್ಕಿಂತ ಒಳ್ಳೆಯ ಬೆಳಕು ಬೇಡ. ಮನೆಯ ಯಜಮಾನಿ ಬಾಗಿಲಲ್ಲೇ ನಿಂತು ಕೇಳಿದರು.

"ಒಬ್ರೇ ಇಪ್ದಾ? ಎಂತ ಕೆಲ್ಸ?"

"ಚಿತ್ರ ಬರಿತೆ. ಮಕ್ಕಳ ಪುಸ್ತಕಕ್ಕೆ."

"ಅದ್ ಸರಿ. ಕೆಲ್ಸ ಎಂತದ್?"

ಸಂಬಳದ ಚೀಟಿ ಇದ್ದರೆ ತನ್ನಿ ಎಂದರು. ಬಾಡಿಗೆ ಬೆಂಗಳೂರಿನಷ್ಟೇನೂ ಇರಲಿಲ್ಲ. ಆದರೂ ಅದನ್ನು ತಪ್ಪದೆ ಕೊಡಬೇಕಾದರೆ ಮತ್ತೆ ಶಾಲೆ, ಮತ್ತೆ ಮದುವೆ ಕಾಗದ, ಮತ್ತೆ ಭಾನುವಾರ. ಆ ಕಿಟಕಿಯನ್ನು ಇನ್ನೊಮ್ಮೆ ನೋಡಿ ಮೆಟ್ಟಿಲಿಳಿದೆ. ಬಸ್ಸಿನಲ್ಲಿ ಕೂತಿದ್ದಾಗಲೇ ಮಾವನ ಫೋನ್.

"ಎಲ್ಲಿಗ್ ಹೋಯಿದ್ದೆ? ಬೆಳಿಗ್ಗೆಯಿಂದ ಕ್ಯಾಮೆರಾದಗೆ ನಿನ್ನ ಕಾಣ್ಲೇ ಇಲ್ಲ."

"ಬಣ್ಣ ತಕಂಡ್ ಬಪ್ಪುಕೆ ಹೋಯಿದ್ದೆ ಮಾವ. ಬತ್ತಾ ಇದ್ದೆ."

ಮೂವತ್ತಾರು ವರ್ಷದವಳು, ಬಸ್ಸಿನ ಜನರ ನಡುವೆ ಶಾಲೆ ತಪ್ಪಿಸಿದ ಹುಡುಗಿಯ ಹಾಗೆ ಸುಳ್ಳು ಹೇಳಿದೆ. ನನ್ನ ಸ್ಟಾಪಿನಲ್ಲಿ ಇಳಿಯದೆ ಕುಂದಾಪುರದವರೆಗೆ ಹೋಗಿ, ಮಾತು ನಿಜವಾಗಲೆಂದು ಬೇಡದಿದ್ದರೂ ಎರಡು ಬಾಟಲಿ ಬಣ್ಣ ಕೊಂಡೆ.

ಕಳೆದ ವರ್ಷ ನನ್ನ ಪುಸ್ತಕ ಹೊರಬಂತು. ಮಾವನಿಗೆ ಹತ್ತು ಪ್ರತಿ ಕಳಿಸಿದೆ. ಅವರು ಹೋಟೆಲಿನ ಗಲ್ಲಾದ ಮೇಲೆ ಒಂದನ್ನು ನಿಲ್ಲಿಸಿ ವೀಡಿಯೊ ಕಾಲ್ ಮಾಡಿದರು. ಪಕ್ಕದಲ್ಲಿ ನಿಂತ ಗಿರಾಕಿಗೆ ಪುಟ ತಿರುಗಿಸಿ ತೋರಿಸುತ್ತ, "ನಮ್ ಮನಿಲೇ ಕೂತ್ಕಂಡ್ ಬರ್ದದ್ದ್, ಕಾಣಿ," ಎಂದರು. ಅವರ ಕಣ್ಣು ತುಂಬಿತ್ತು. ಹೇಳುವುದಾದರೆ ಈಗಲೇ ಹೇಳಬೇಕು ಅನ್ನಿಸಿತು.

"ಮಾವ, ನಾನ್ ಇನ್ನ್ ಬೇರೆ ಕೋಣಿ ಮಾಡ್ಕಂಡ್..."

"ಹಾಂ, ಮರ್ತಿದ್ದೆ," ಎಂದರು ಅವರು. "ಮುಂದಿನ ತಿಂಗ್ಳ್ ಮಕ್ಳ್ ಮರಿ ಎಲ್ಲ ಬತ್ರ್. ಹನ್ನೆರಡ್ ಜನ. ಮೇಲಿನ್ ಕೋಣಿ ಎಲ್ಲ ಒರ್ಸಿ ಇಡ್, ಆತ್ತಾ?"

"ಆತ್ತ್ ಮಾವ," ಎಂದೆ.

ಫೋನಿಟ್ಟು, ಮೇಜಿನ ಮೇಲಿನ ಹಾಳೆಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟೆ. ಆಮೇಲೆ ಬಕೆಟ್ಟಿಗೆ ನೀರು ತುಂಬಿಕೊಂಡು ಮೇಲೆ ಹೋದೆ.