ಅಜ್ಜಿಯ ಹಾಡು, ಹೋರಿಯ ಹೆಸರು

ಕಳೆದ ವಾರ ಉಮರ್ಗಾದಲ್ಲಿ ನಮ್ಮ ಕಾಕಾನ ಬಟ್ಟೆ ಅಂಗಡಿಗೆ ಕಾಲಿಟ್ಟೆ. ಕಾಕಾ ಫೋನಿನಲ್ಲಿ ಕೂಗುತ್ತಿದ್ದರು.

"ನಮ್ಮ ಅವ್ವ ಕಳುವಾಗ್ಯಾಳ್ರೀ!"

ಅಜ್ಜಿ ಎಂದೋ ತೀರಿಕೊಂಡಿದ್ದಾಳೆ. ಕಳುವಾದದ್ದು ಅವಳ ದನಿ. ಬೀಸುಕಲ್ಲಿನಲ್ಲಿ ಜೋಳ ಬೀಸುವಾಗ ಅವಳು ಹಾಡಿದ್ದನ್ನು ಕಾಕಾ ಮೊಬೈಲಿನಲ್ಲಿ ಹಿಡಿದು ಕ್ಲೌಡ್‌ನಲ್ಲಿ ಇಟ್ಟಿದ್ದರು. ಬೇರೆ ಕಾಪಿ ಇರಲಿಲ್ಲ. ಈಗ ಅದೂ ಇಲ್ಲ.

ಫೋನಿನ ಆ ತುದಿಯಲ್ಲಿ ಕಂಪನಿಯ ಹುಡುಗಿ. ತಾಳ್ಮೆಯವಳು. ಅವರ ಕಡೆ ಎಲ್ಲ ಭದ್ರವಂತೆ. ಯಾರೂ ಬೀಗ ಮುರಿದಿಲ್ಲವಂತೆ. ಸರಿಯಾದ ಪಾಸ್‌ವರ್ಡ್ ಹಾಕಿಯೇ ಯಾರೋ ಒಳಗೆ ಬಂದು ಅಳಿಸಿದ್ದಾರೆ. ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?

"ಮನಿ ಮಂದಿಗಷ್ಟೇ ರೀ."

(ಮನೆ ಮಂದಿ ಎಂದರೆ ನಿಲಂಗಾದ ಬೀಗರು, ಉದಗೀರದಲ್ಲಿರುವ ಕಾಕಾನ ತಂಗಿ ಅಂದರೆ ನಮ್ಮ ಅತ್ತೆ, ತುರೋರಿಯ ಮೊಬೈಲ್ ರಿಪೇರಿಯವನು. ಪಾಸ್‌ವರ್ಡ್ ನಮ್ಮ ದೇವಣಿ ತಳಿಯ ಹೋರಿಯ ಹೆಸರು. ಹೋರಿ ತಾಲೂಕಿಗೇ ಪರಿಚಿತ.)

"ಕಾಯೋದು ನಿಮ್ಮ ಕೆಲಸ ಅಲ್ಲೇನ್ರೀ?" ಕಾಕಾ ಬಿಡಲಿಲ್ಲ.

ಸೀರೆ ಮಡಚುತ್ತಿದ್ದ ಕಾಕಿ ತಲೆ ಎತ್ತಲಿಲ್ಲ. "ಗುಡಿ ಬಾಗಲಾ ಪೂಜಾರಿ ಕಾಯ್ತಾನ. ನಿಮ್ಮ ಕೊರಳಾಗಿನ ಲಿಂಗಾ ಕಾಯಾಕ ಯಾರನ್ನ ಇಟ್ಟೀರಿ?"

ಕಾಕಾನ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಅದನ್ನು ಕಟ್ಟಿದ ಶಿವದಾರ ಸವೆದರೆ ತಾವೇ ಹೊಸದು ಹಾಕಿಕೊಳ್ಳುವವರು. ಲಿಂಗವನ್ನು ಹೆಂಡತಿಯ ಕೈಗೂ ಕೊಟ್ಟವರಲ್ಲ. ಅವ್ವನನ್ನು ಮಾತ್ರ ಊರಿಗೆಲ್ಲ ಹಂಚಿದ್ದರು.

ಕಾಕಿ ತನ್ನ ಫೋನಿನಿಂದ ಒಬ್ಬೊಬ್ಬರನ್ನೇ ಕೇಳುತ್ತ ಹೋದಳು. ಉದಗೀರದ ಅತ್ತೆ ಸ್ಪೀಕರಿನಲ್ಲಿ ಒಪ್ಪಿಕೊಂಡರು. ಅವರ ಮೊಬೈಲಿನಲ್ಲೂ ಕಾಕಾನ ಖಾತೆಯೇ ತೆರೆದಿತ್ತು, ಅಲ್ಲಿ ಅಳಿಸಿದ್ದು ಎಲ್ಲ ಕಡೆಯೂ ಅಳಿದಿತ್ತು.

"ನನ್ನ ಮೊಬೈಲ್ ತುಂಬಿತ್ತಣ್ಣಾ. ನಿನ್ನ ಬಲ್ಲಿ ಅದಾ ಅಂತ ತೆಗದ್ನಿ."

"ನಾ ಕಂಪನಿ ಬಲ್ಲಿ ಅದಾ ಅಂತ ಸುಮ್ಮನಿದ್ನಿ!"

ನೋಡಿ, ಎಲ್ಲರೂ ಜವಾಬ್ದಾರರೇ. ಪ್ರತಿಯೊಬ್ಬರೂ ಇನ್ನೊಬ್ಬರ ಮೇಲೆ ನಂಬಿಕೆ ಇಟ್ಟವರು.

ಅಳಿಸಿದ್ದು ಕೆಲವು ದಿನ ಅಲ್ಲೇ ಕಸದ ಬುಟ್ಟಿಯಲ್ಲಿ ಇರುತ್ತದಂತೆ. ಹುಡುಗಿ ಹೇಳಿದಲ್ಲೆಲ್ಲ ಒತ್ತಿದೆವು. ಅಜ್ಜಿ ಹಾಡತೊಡಗಿದಳು. ಬ್ಲೌಸ್ ಪೀಸಿಗೆ ಚೌಕಾಸಿ ಮಾಡುತ್ತಿದ್ದ ಗಿರಾಕಿಯೂ ಚೌಕಾಸಿ ಬಿಟ್ಟು ಕಿವಿಗೊಟ್ಟಳು.

ಕಾಕಾ ಗೋಡೆ ಕಡೆ ಮುಖ ಮಾಡಿ ಪಾಸ್‌ವರ್ಡ್ ಬದಲಿಸಿದರು. ಯಾರಿಗೂ ಹೇಳಲಿಲ್ಲ. (ಹೋರಿಯ ಹೆಸರಲ್ಲ ಎಂದಷ್ಟೇ ತಿಳಿಯಿತು.)

ಸಂಜೆ ಅತ್ತೆಯ ಫೋನ್. "ಅಣ್ಣಾ, ತೆರಿವಲ್ದು. ಅವ್ವನ ಹಾಡು ಹ್ಯಾಂಗ ಕೇಳ್ಲಿ?"

"ಬಸ್ ಹತ್ತಿ ಬಾ. ಕೂತು ಕೇಳು."

"ಅವ್ವ ಹೋದ ಮ್ಯಾಲ ಮನಿಗೆ ಇವತ್ತೇ ಕರದಿ ನೋಡು."

ಹಾಡು ಕಾಯುವುದು ಅರ್ಧ ಕಂಪನಿಯ ಪಾಲು, ಅರ್ಧ ನಮ್ಮ ಪಾಲು. ತಂಗಿಯನ್ನು ಮನೆಗೆ ಕರೆಯುವುದು ಯಾರ ಪಾಲಿಗೆ ಬರುತ್ತದೆ?